ಡ್ರೈವರ್ ಸಾಹೇಬ್ರ ಮನಿ ಕ್ರಿಸ್ಮಸ್ ಲೈಟು

ಡಿಸೆಂಬರ್ ಬಂತಂದ್ರ ನಮ್ಮ ಮನಿಯಾಗ ಏನರೆ ಒಂದು ಫಜೀತಿ ಆಗಾಕಬೇಕು. ಆಗಲಿಲ್ಲಂದ್ರ ಆ ವರ್ಷ ಹಬ್ಬಾನ ಆಗಿಲ್ಲ ಅಂತ ತಿಳ್ಕೋಬೇಕು. ಬ್ಯಾರೆಯವರ ಮನಿಯಾಗ ಕ್ರಿಸ್ಮಸ್ ಅಂದ್ರ ಕೇಕು, ಹೊಸ ಅರಿವಿ, ಪ್ರಾರ್ಥನಿ. ನಮ್ಮ ಮನಿಯಾಗ ಅಂದ್ರ ವೈರು, ಹೋಲ್ಡರು, ಟೇಪು, ನಿಚ್ಚಣಕಿ, ಮ್ಯಾಲ ನನ್ನ ಬೈಗಳ. ನಾನು ಜಮಖಂಡಿಯಾಗ ದವಾಖಾನಿ ನರ್ಸು, ಬನಹಟ್ಟಿಯಿಂದ ದಿನಾ ಬಸ್ಸಿಗೆ ಓಡ್ಯಾಡತೇನಿ. ನಮ್ಮ ಮನಿಯವ್ರು ಬಸ್ ಡ್ರೈವರ್. ಅಂದ್ರ, ಆಗಿದ್ರು.

ಅವರ ಕಣ್ಣಿನ ಕತಿ ಮೊದಲ ಹೇಳಿಬಿಡತೇನಿ, ಇಲ್ಲಾಂದ್ರ ಮುಂದ ಎಲ್ಲಿ ನಗಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅನ್ನೂದು ನಿಮಗ ತಿಳಿಯೂದಿಲ್ಲ. ಒಂದಿನ ಲೋಕಾಪುರದ ಕ್ರಾಸಿನ್ಯಾಗ ಅವರ ಬಸ್ಸು, ರಸ್ತೆದ ಬಾಜೂಕ ನಿಂತಿದ್ದ ಒಂದು ಎತ್ತಿನ ಗಾಡಿಗೆ ಸವರಿಕೊಂಡು ಹೋತು. ಯಾರಿಗೂ ಏನೂ ಆಗಲಿಲ್ಲ. ಗಾಡಿಯಾಂವ ಮಾತ್ರ ಬಂದು, "ಏ ಡ್ರೈವರಣ್ಣಾ, ಎತ್ತಿಗೆ ಕಂಡದ್ದು ನಿನಗ ಕಾಣಲಿಲ್ಲೇನು?" ಅಂದನಂತ. ನಮ್ಮವ್ರು ಮನಿಗೆ ಬಂದು ಅದನ್ನ ನಕ್ಕೋತ ಹೇಳಿದ್ರು. ನಾ ನಗಲಿಲ್ಲ. ಮರುದಿನ ಮಿರಜಿಗೆ ಕರಕೊಂಡು ಹೋಗಿ ಕಣ್ಣು ತೋರಿಸಿದೆ. ಕಣ್ಣಿನ ನರ ಒಣಗಾಕತ್ತೈತಿ ಅಂದ್ರು ಡಾಕ್ಟರು. ಸುತ್ತಲಿನ ಅಂಚಿನಿಂದ ಕತ್ತಲ ಒಳಗ ಬರ್ತೈತಿ, ಹೋದ ದೃಷ್ಟಿ ಹೊಳ್ಳಿ ಬರೂದಿಲ್ಲ, ಇದ್ದದ್ದನ್ನ ಎಷ್ಟು ದಿನ ಉಳಿಸಿಕೋತೀರೋ ನೋಡ್ರಿ ಅಂತ ಹನಿ ಔಷಧ ಬರದು ಕೊಟ್ರು.

ಹೊಳ್ಳಿ ಬರೂ ಮುಂದ ಬಸ್ಸಿನ್ಯಾಗ ಕಿಡಕಿ ಬಾಜೂಕ ಕುಂತು, ಹೊರಗ ನೋಡಕೋತ ನಮ್ಮವ್ರು ಅಂದ್ರು, "ಕಣ್ಣು ಪೂರಾ ಮುಚ್ಚೂಕಿಂತ ಮೊದಲ ನಮ್ಮ ಮನಿ ಮುಂದ ಒಂದ್ಸಲ ಕಣ್ಣು ತುಂಬೂವಷ್ಟು ದೀಪ ಹಚ್ಚಬೇಕಲೇ. ನೋಡಿಬಿಡ್ತೇನಿ." ನಾ ಹೂಂ ಅಂದೆ. ಒಂದ್ಸಲ ಅಂತ ಹೇಳಿದ್ರು. ಆದ್ರ ಒಂದೊಂದು ವರ್ಷ ಕಣ್ಣು ಒಂದೀಟು ಕಡಿಮಿ ಆದಂಗ ದೀಪ ಒಂದೀಟು ಹೆಚ್ಚಾಕ್ಕೋತ ಹೋದವು.

ಆನಿ, ನವಿಲು

ಮೊದಲನೇ ವರ್ಷ ನಮ್ಮವ್ರು ರಬಕವಿಯಾಗ ಲಗ್ನಕ್ಕ ಡೆಕೋರೇಷನ್ ಮಾಡೂ ಒಬ್ಬಾಂವನ ಹತ್ತರ ಹೋದ್ರು. ಅಂವ ಗೋಡೌನ್ ಬಾಗಲಾ ತಗದು ಸಾಮಾನೆಲ್ಲಾ ತೋರಿಸಿದ. ಲೈಟಿನ ನವಿಲು, ಲೈಟಿನ ಆನಿ, ಮಾಲಿ ಹಿಡಕೊಂಡು ನಿಂತ ಲೈಟಿನ ಹುಡುಗ್ಯಾರು, "ಸುಸ್ವಾಗತ" ಅಂತ ಒಂದು ಬೋರ್ಡು.

"ಕ್ರಿಸ್ಮಸ್ಸಿಂದು ಏನರೆ ಐತೇನಪಾ?" ಅಂತ ಕೇಳಿದ್ರಂತ.

"ನಿಮ್ಮದರಾಗ ಒಂಟಿ ಬರ್ತಾವಲ್ರಿ ಸಾಹೇಬ್ರ, ಒಂಟಿ ಇಲ್ರಿ ನನ್ನ ಹತ್ತರ. ಆನಿ ಹಚ್ಚತೇನಿ. ರಸ್ತೆದಾಗ ಹೋಗಾಂವ ಹತ್ತರ ಬಂದು ಸೊಂಡಿ ಹಿಡದು ನೋಡೂದಿಲ್ಲ ಬಿಡ್ರಿ."

ಹಂಗಾಗಿ ಡಿಸೆಂಬರಿನ ಮೊದಲನೇ ವಾರದಾಗ ನಮ್ಮ ಮನಿ ಬಾಗಲದ ಎರಡೂ ಕಡೆ ಆನಿ ನಿಂತು ಸೊಂಡಿ ಎತ್ತಿ ಇಳಿಸಾಕತ್ತವು. ಬಾಗಲದ ಮ್ಯಾಲ ಸುಸ್ವಾಗತ ಬೋರ್ಡು ಹತ್ತಿತು, ಮಾಳಗಿ ಮ್ಯಾಲ ನವಿಲು ಗರಿ ಬಿಚ್ಚಿತು. ನವಿಲಿನ ತಲಿ ಮ್ಯಾಲ ಒಂದು ನಕ್ಷತ್ರ. ಕೆಳಗ ಕಟ್ಟಿ ಮ್ಯಾಲ ಗೋದಲಿ ಮಾಡಿದ್ವಿ. ಯೇಸುಸ್ವಾಮಿ ಹುಟ್ಟಿದ ದನದ ಕೊಟ್ಟಿಗಿ ಅದು. ಹುಲ್ಲಿನ ಗುಡಸಲ, ಒಳಗ ಮರಿಯಮ್ಮ, ಯೋಸೇಫ, ಹುಲ್ಲಿನ ಮ್ಯಾಲ ಕೂಸು, ಸುತ್ತ ಕುರಿ, ಕುರಿ ಕಾಯೂ ಮಂದಿ.

ಅದು ಲಗ್ನದ ಗಡಿಬಿಡಿ ಇದ್ದ ವಾರ. ಧನುರ್ಮಾಸ ಹತ್ತೂಕಿಂತ ಮೊದಲ ಮುಗಿಸಿಬಿಡೂಣು ಅಂತ ಓಣಿಗೊಂದು ಲಗ್ನ ನಡದಿದ್ದವು. ಸಂಜಿ ಹೊತ್ತಿಗೆ ಒಂದು ಟೆಂಪೋ ಬಂದು ನಮ್ಮ ಮನಿ ಮುಂದ ನಿಂತಿತು. ಚಿಮ್ಮಡದ ಮಂದಿ. ಬಡಬಡ ಇಳದವ್ರ, ಆನಿ ನೋಡಿದ್ರು, ಸುಸ್ವಾಗತ ಓದಿದ್ರು, ಒಳಗ ಬಂದು ಪಡಸಾಲಿಯಾಗ ಸಾಲಾಗಿ ಕುಂತಬಿಟ್ರು. ಒಬ್ಬಾಕಿ ನನ್ನ ಕೈಯಾಗ ಲಗ್ನದ ಆಯೇರಿನ ಸೀರಿ ಇಟ್ಟಳು. ನಾ ಬಾಯಿ ತಗಿಯೂದರೊಳಗ ನಮ್ಮವ್ರು, "ಬಂದ ಮಂದಿನ್ನ ಹಂಗ ಕಳಸಬಾರದು, ಮೊದಲ ಸೀರಾ ಕೊಡು" ಅಂದ್ರು. ಜೀವನಾನ ಎಲ್ಲಾ ಬಸ್ ಹೊಡದಾರ, ಹತ್ತಿದವ್ರನ್ನ ಇಳಿಸಿ ಗೊತ್ತಿಲ್ಲ ಅವರಿಗೆ.

ಆ ಮಂದ್ಯಾಗ ಒಬ್ಬಾಕಿ ಆಯಿ ಇದ್ದಳು. ಸೀರಾದ ಪ್ಲೇಟು ಹಿಡಕೊಂಡು, "ಮದಿಮಗಳು ಎಲ್ಲಿ ಅದಾಳು, ನೋಡ್ತೇನಿ" ಅಂತ ಎದ್ದು ಹೊರಗ ಕಟ್ಟಿ ತನಕ ಬಂದಳು. ಗೋದಲಿಯೊಳಗ ಬಗ್ಗಿ ನೋಡಿದಳು. ಹುಡುಗಿ ನೋಡಿದಳು, ಬಾಜೂಕ ಗಂಡಸನ್ನ ನೋಡಿದಳು, ನಡುವ ಕೂಸು ನೋಡಿದಳು. ಹಂಗ ನಿಂತಳು ಒಂದೀಟು ಹೊತ್ತು. ಆಮ್ಯಾಲ ನಮ್ಮವರ ಕಿವಿ ಹತ್ತರ ಬಂದು ಸಣ್ಣ ಧ್ವನಿಲೆ ಕೇಳಿದಳು, "ಯಪ್ಪಾ, ಅಕ್ಕಿಕಾಳು ಬೀಳೂಕಿಂತ ಮೊದಲ ಕೂಸು ಆಗಿಬಿಟ್ಟೈತೇನ?"

ನಮ್ಮವ್ರು ಅಂದ್ರು, "ಹೌದಬೇ ಆಯಿ. ಎರಡು ಸಾವಿರ ವರ್ಷ ಆತು, ಮಂದಿ ಇದನ್ನ ಕೇಳಾಕತ್ತಾರ. ನೀ ಮೊದಲ ಸೀರಾ ತಿನ್ನು."

ಹಿಂದ ಸರೀರಿ

ಮರುವರ್ಷದೊಳಗ ಡಿಪೋದಾಗ ಅವರನ್ನ ಸ್ಟಿಯರಿಂಗ್ ಬಿಡಿಸಿ ಗೇಟಿನ ಹತ್ತರ ಖುರ್ಚಿ ಹಾಕಿ ಕುಂದರಿಸಿದ್ರು. ಯಾರನ್ನೂ ಬೈಯೂ ಹಂಗಿಲ್ಲ, ಕಣ್ಣಿಲ್ಲದಾಂವನ ಕೈಯಾಗ ಮಂದಿ ತುಂಬಿದ ಬಸ್ಸು ಯಾರು ಕೊಡ್ತಾರ? ಆದ್ರ ಮನಿಗೆ ಬಂದವ್ರ ಮಾತಾಡೂದನ್ನ ಬಿಟ್ರು. ಊಟಕ್ಕ ಕರದ್ರ ಬರ್ತಿದ್ರು, ಉಣ್ತಿದ್ರು, ಎದ್ದು ಹೋಗ್ತಿದ್ರು. ನನಗ ಅದು ಭಾಳ ಅಂಜಿಕಿ ಆಗತಿತ್ತು. ದವಾಖಾನಿಯಾಗ ಒದರೂ ಪೇಷಂಟ್ ನೋಡಿ ಅಂಜೂದಿಲ್ಲ ನಾ, ಗಪ್ಪ ಮಲಗಿದಾಂವನ್ನ ನೋಡಿ ಅಂಜತೇನಿ.

ಡಿಸೆಂಬರ್ ಹತ್ತರ ಬಂತು, ಒಂದಿನ ತಾವ ಮಾತ ತಗದ್ರು. "ಹೋದ ವರ್ಷದ ಲೈಟು ಮಬ್ಬು ಇದ್ದವು. ಈ ಸಲ ಟ್ರ್ಯಾಕ್ಟರಿನ ಲೈಟು ಹಚ್ಚೂಣು."

ಹೋದ ವರ್ಷದ ಲೈಟು ಏನೂ ಮಬ್ಬು ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೂಂ ಅಂದೆ.

ನಮ್ಮ ಕಡೆ ಕಬ್ಬಿನ ಸೀಜನ್ನಿನ್ಯಾಗ ಟ್ರ್ಯಾಕ್ಟರು ಹೆಂಗ ಇರ್ತಾವ ಅನ್ನೂದು ನೋಡಿದವ್ರಿಗೇ ಗೊತ್ತು. ಮುಂದ ಹಿಂದ ಮ್ಯಾಲ ಕೆಳಗ ಲೈಟು, ದೊಡ್ಡ ಸ್ಪೀಕರು, ದೂರಿಂದ ನೋಡಿದ್ರ ಕಬ್ಬು ಹೇರಿದ ಗಾಡಿ ಬರಾಕತ್ತೈತೋ ಮೆರವಣಿಗಿ ಬರಾಕತ್ತೈತೋ ತಿಳಿಯೂದಿಲ್ಲ. ನಮ್ಮವ್ರು ಮುಧೋಳಕ್ಕ ಹೋಗಿ, ಅಂಥಾ ಗಾಡಿಗೆ ಲೈಟು ಕೂಡಿಸೂ ಫಿಟ್ಟರನ್ನ ಹಿಡದು, ಹಳೇ ಟ್ರ್ಯಾಕ್ಟರಿಂದು ಒಂದು ಸೆಟ್ಟು ಪೂರಾ ಬಿಚ್ಚಿಸಿಕೊಂಡು ಬಂದ್ರು. ಫಿಟ್ಟರ್ ಬಂದು ಅದನ್ನ ಹೆಂಗಿತ್ತೋ ಹಂಗ ನಮ್ಮ ಮನಿಗೆ ಕೂಡಿಸಿದ. ಪಾಪ, ಪ್ರಾಮಾಣಿಕ ಮನಷ್ಯಾ. ಒಂದು ವೈರೂ ಬಿಟ್ಟಿರಲಿಲ್ಲ.

ಉದ್ಘಾಟನಾಕ್ಕ ಪಾಸ್ಟರ್ ಬಂದ್ರು. ವಯಸ್ಸಾದವ್ರು, ನಮ್ಮ ಮದವಿ ಮಾಡಿಸಿದವ್ರು. ಓಣಿ ಮಂದೀನೂ ಬಂದಿದ್ರು. ಎಲ್ಲಾರೂ ಮನಿಗೆ ಮುಖ ಮಾಡಿ ನಿಂತು ಕಣ್ಣು ಮುಚ್ಚಿದ್ವಿ. ಪಾಸ್ಟರ್ ಪ್ರಾರ್ಥನಿ ಚಾಲೂ ಮಾಡಿದ್ರು. ಪ್ರಾರ್ಥನಿ ಮುಗಿದು ಆಮೆನ್ ಅಂದ ಕೂಡಲೇ ನಮ್ಮವ್ರು ಸ್ವಿಚ್ ಒತ್ತೂದು ಅಂತ ಮಾತಾಗಿತ್ತು. ಪಾಸ್ಟರ್ ನಡುವ ಉಸುರು ತಗೊಳ್ಳಾಕ ನಿಂತ್ರು. ನಮ್ಮವ್ರು ಮುಗೀತು ಅಂತ ತಿಳದು ಒತ್ತಿದ್ರು.

ಲೈಟು ಹತ್ತಿದ್ದು ನಮಗ ಯಾರಿಗೂ ಕಾಣಲಿಲ್ಲ, ಕಣ್ಣು ಮುಚ್ಚಿತ್ತಲ್ಲ. ಆದ್ರ ಕಿವಿಗೆ ಬಡೀತು. ಪೀಂ, ಪೀಂ, ಪೀಂ, ಪೀಂ. ಟ್ರ್ಯಾಕ್ಟರ್ ರಿವರ್ಸ್ ಬರೂವಾಗ ಹೊಡಕೋತೈತಲ್ಲ, ಆ ಹಾರ್ನು. ಅದೂ ಸೆಟ್ಟಿನ್ಯಾಗ ಇತ್ತು.

ಈ ಊರಾಗ ಹುಟ್ಟಿ ಬೆಳದವ್ರಿಗೆ ಆ ಸಪ್ಪಳ ಕೇಳಿದ್ರ ತಲಿ ವಿಚಾರ ಮಾಡೂದಿಲ್ಲ, ಕಾಲು ಓಡ್ತಾವ. ಕಣ್ಣು ಮುಚ್ಚಿಕೊಂಡ ಎಲ್ಲಾರೂ ಒಮ್ಮೆಲೆ ಹಿಂದ ಜಿಗಿದ್ವಿ. ನನ್ನ ಬೆನ್ನು ಎದುರಿನ ಗ್ವಾಡಿಗೆ ಬಡೀತು. ಪಾಸ್ಟರ್ ಹಿಂದ ಗ್ವಾಡಿ ಇರಲಿಲ್ಲ, ಗಟಾರ ಇತ್ತು.

ನಮ್ಮವ್ರು ಒಬ್ಬರ ನಿಂತಿದ್ದು. ಡ್ರೈವರ್ ಹಾರ್ನಿಗೆ ಅಂಜತಾನೇನು? ಆದ್ರ ಆ ವರ್ಷ ಅವರ ದೃಷ್ಟಿ ಪೈಪಿನ್ಯಾಗ ಹಣಿಕಿ ಹಾಕಿದಂಗ ಆಗಿತ್ತು. ಎಲ್ಲಿ ಮುಖ ಹೊಳ್ಳಿಸ್ತಾರೋ ಅಲ್ಲಿಂದು ಅಷ್ಟ ಕಾಣೂದು. ಪಾಸ್ಟರ್ ನಿಂತಿದ್ದ ಕಡೆ ಹೊಳ್ಳಿದ್ರು, ಯಾರೂ ಇಲ್ಲ. ಎಡಕ್ಕ ನೋಡಿದ್ರು, ಬಲಕ್ಕ ನೋಡಿದ್ರು, ತಲಿ ಎತ್ತಿ ನಕ್ಷತ್ರದ ಕಡೆ ನೋಡಿದ್ರು. ಗಟಾರದಿಂದ "ದೇವರೇ" ಅಂತ ಧ್ವನಿ ಬಂತು.

"ಧ್ವನಿ ಬರಾಕತ್ತೈತಿ, ಮನಷ್ಯಾ ಕಾಣವಲ್ರು" ಅಂದ್ರು ನಮ್ಮವ್ರು ಗಾಬರಿ ಆಗಿ. "ಪಾಸ್ಟರ್ ಸಾಹೇಬ್ರ, ಮ್ಯಾಲ ಹೋದ್ರೇನು?"

"ಇಲ್ಲಪಾ, ಸದ್ಯಕ್ಕ ಕೆಳಗ ಅದೇನಿ. ಕೈ ಕೊಡು."

ಭಂಡಾರ

ಅದರ ಮರುವರ್ಷ ನೆಲ ಕಾಣೂದು ನಿಂತಿತು. ನನಗ ಅದು ಗೊತ್ತಾಗಿದ್ದು ಹೆಂಗಂದ್ರ, ಗೋದಲಿ ಮಾಡಾಕ ಅಂತ ಬೊಂಬಿ ಎಲ್ಲಾ ಡಬ್ಬಿಯಿಂದ ತಗದು ಪಡಸಾಲಿಯಾಗ ಚಾಪಿ ಮ್ಯಾಲ ಇಟ್ಟಿದ್ದೆ. ನಮ್ಮವ್ರು ವೈರಿನ ಸುರುಳಿ ಹೆಗಲಿಗೆ ಹಾಕ್ಕೊಂಡು ನೆಟ್ಟಗ ಅದರ ಮ್ಯಾಲಿಂದ ನಡದು ಹೋದ್ರು. ಕಟಕಟ ಸಪ್ಪಳ ಆತು. ನಿಂತ್ರು.

"ಕಾಲಾಗ ಏನೋ ಪುಡಿ ಆತಲ್ಲ."

"ಕುರಿ" ಅಂದೆ.

"ಯಾವದು?"

"ಎಲ್ಲಾವೂ."

ವೈರು ಕೆಳಗ ಇಳಿಸಿ ಅಲ್ಲೇ ಕುಂತ್ರು. ಕೈಲೆ ನೆಲಾ ಸವರಿ ಸವರಿ ಚೂರು ಆರಿಸಾಕತ್ರು. ಅವು ಅವರ ಅವ್ವ ಇದ್ದಾಗಿನಿಂದ ಇದ್ದ ಬೊಂಬಿ. ನಾನೂ ಬಾಜೂಕ ಕುಂತು ಆರಿಸಾಕತ್ತೆ. ಆ ಮೋತಿ ನೋಡಿ ಯಾರಿಗೆ ಬೈಯಾಕ ಆಗತೈತಿ?

ಚಿಮ್ಮಡದಾಗ ಒಬ್ಬ ಕುರುಬರ ಅಜ್ಜ ಅದಾನ, ಬೀರಪ್ಪನ ಭಕ್ತ. ಅವನ ಹೆಂಡ್ತಿನ್ನ ನಮ್ಮ ವಾರ್ಡಿನ್ಯಾಗ ನಾ ನೋಡಿಕೊಂಡಿದ್ದೆ, ಅಂದಿನಿಂದ ನನ್ನ ಮಗಳು ಅಂತಾನ. ಅವಗ ಫೋನ್ ಮಾಡಿ, "ಯಜ್ಜಾ, ಹಬ್ಬಕ್ಕ ಒಂದು ಕುರಿಮರಿ ಬೇಕಾಗಿತ್ತು" ಅಂದೆ.

"ಎಷ್ಟು ಮಂದಿ ಊಟಕ್ಕ?" ಅಂದ.

"ಊಟಕ್ಕಲ್ಲ. ದೇವರ ಮುಂದ ನಿಂದ್ರಿಸಾಕ."

ಅಜ್ಜ ಮರಿ ಹೆಗಲ ಮ್ಯಾಲ ಹೊತ್ತುಕೊಂಡು ಆಟೋದಾಗ ಬಂದ. ಮರಿ ಗೋದಲಿಯೊಳಗ ಕಟ್ಟಿದ, ಕೈ ಕಟ್ಟಿಕೊಂಡು ನಿಂತು ಎಲ್ಲಾ ನೋಡಿದ. ಕುರಿ ಕಾಯೂ ಬೊಂಬಿ ಅವಗ ಒಪ್ಪಿಗಿ ಆಗಲಿಲ್ಲ. "ಇವ್ರು ಯಾರು?" ಅಂದ.

"ಕುರುಬರು, ಅಜ್ಜಾರ" ಅಂದ್ರು ನಮ್ಮವ್ರು.

"ಇಂಥಾ ಥಂಡ್ಯಾಗ ಕಂಬಳಿ ಇಲ್ಲದ ಯಾವ ಕುರುಬ ಹೊರಗ ಹೊಂಡ್ತಾನ? ಇವ್ರು ಕಚೇರಿ ಗುಮಾಸ್ತರು ಇದ್ದಂಗ ಅದಾರ."

ನಮ್ಮವ್ರು ನಕ್ರು. ಭಾಳ ದಿವಸಕ್ಕ ನಕ್ಕದ್ದು ಅದು. ಅಜ್ಜನ್ನ ಕಟ್ಟಿ ಮ್ಯಾಲ ಕುಂದರಿಸಿಕೊಂಡು ಕತಿ ಹೇಳಿದ್ರು. ಯೇಸುಸ್ವಾಮಿ ಹುಟ್ಟಿದ ಸುದ್ದಿ ದೇವದೂತ ಮೊದಲ ರಾಜಗೂ ಹೇಳಲಿಲ್ಲ, ಪೂಜಾರಿಗೂ ಹೇಳಲಿಲ್ಲ, ಅಡವಿಯಾಗ ಕುರಿ ಕಾಯೂ ಮಂದಿಗೆ ಬಂದು ಹೇಳಿದ ಅಂದ್ರು. ಅಜ್ಜ ಎದ್ದು ನಿಂತ. "ಖರೇನ?" ಅಂದ. "ಖರೆ" ಅಂದ್ರು. "ಮತ್ತ ಮೊದಲ ಹೇಳಬಾರದ ಇದನ್ನ?" ಅಂದಾಂವನ, ಸೊಂಟದ ಚೀಲಕ್ಕ ಕೈ ಹಾಕಿ ಬೊಗಸಿ ತುಂಬ ಭಂಡಾರ ತಗದು, ಬೀರಪ್ಪನ ಹೆಸರು ತಗೊಂಡು ಗೋದಲಿ ಮ್ಯಾಲ ತೂರಿದ. ಭಂಡಾರ ಅಂದ್ರ ಅರಿಷಿಣ ಪುಡಿ. ಮರಿಯಮ್ಮ, ಯೋಸೇಫ, ಕುರಿಮರಿ, ನಮ್ಮವ್ರು, ನಾನು, ಎಲ್ಲಾ ಹಳದಿ. ಅಜ್ಜ ಕೈಮುಗದು, ಕಣ್ಣೀರು ಒರಿಸಿಕೊಂಡು, ಸಮಾಧಾನಲೆ ಮನಿಗೆ ಹೋದ.

ನಾವು ಮೈ ತೊಳಕೊಂಡ್ವಿ, ಮರಿ ಮೈ ಜಾಡಿಸಿದ್ವಿ. ಕೂಸಿನ ಬೊಂಬಿ ಮಾತ್ರ ಎಷ್ಟು ಒರಿಸಿದ್ರೂ ಹಳದಿ ಬಿಡಲಿಲ್ಲ. ಮರುದಿನ ಸಂಜಿಗೆ ಜಮಖಂಡಿಯಿಂದ ನಮ್ಮ ಸಭೆದ ಹೆಣ್ಮಕ್ಕಳು ಲೈಟು ನೋಡಾಕ ಬಂದ್ರು. ಒಬ್ಬಾಕಿ ಬಗ್ಗಿ ನೋಡಿದಾಕಿ ಮೋತಿ ಸಣ್ಣದು ಮಾಡಿ, "ಸಿಸ್ಟರ್, ಕೂಸು ಯಾಕ ಹಳದಿ ಆಗೈತಿ?" ಅಂದಳು. ನಮ್ಮವ್ರು ನನ್ನ ಕಡೆ ಹೊಳ್ಳಿದ್ರು. ಅವರಿಗೆ ಹಳದಿ ಆಗಿದ್ದು ಕಂಡ ಇರಲಿಲ್ಲ.

ಅಜ್ಜನ ಮ್ಯಾಲ ದೂರು ಹೇಳಾಕ ಮನಸ್ಸು ಬರಲಿಲ್ಲ. ದಿನಾ ವಾರ್ಡಿನ್ಯಾಗ ಬಾಣಂತ್ಯಾರಿಗೆ ಹೇಳೂ ಮಾತು ತಾನ ಬಾಯಾಗ ಬಂತು. "ಕಾಮಣಿ ಆಗೈತ್ರಿ. ಹೊಸದಾಗಿ ಹುಟ್ಟಿದ ಕೂಸಿಗೆ ಆಗೂದ ಅದು. ಲೈಟಿನ ಕೆಳಗ ಇಟ್ಟೇವಿ, ಇಳೀತೈತಿ."

ಯಾರ ಮನಿ

ಹೋದ ವರ್ಷದ ಮಾತು. ನಮ್ಮವ್ರು ಡಿಪೋಕ್ಕ ಹೋಗೂದೂ ನಿಂತಿತ್ತು. ದಿನಾ ಮುಂಜಾನಿ ನಾ ಡ್ಯೂಟಿಗೆ ಹೊಂಡೂ ಮುಂದ ಅವರ ಮುಂದ ಕೈ ಹಿಡದು, "ಇವು ಎಷ್ಟು ಬಟ್ಟು?" ಅಂತ ಕೇಳ್ತಿದ್ದೆ. "ಎರಡು" ಅಂತಿದ್ರು. ಸರಿ ಇರ್ತಿತ್ತು. ನಾ ಖುಷಿಲೆ ಬಸ್ ಹತ್ತತಿದ್ದೆ. ನಾ ಯಾವಾಗಲೂ ಎರಡ ಬಟ್ಟು ತೋರಸ್ತೇನಿ ಅನ್ನೂದು ನನಗ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

"ಈ ವರ್ಷ ಲೈಟು ನಾನ ಹಚ್ಚತೇನಿ, ಯಾರೂ ಕೈ ಹಚ್ಚಬ್ಯಾಡ್ರಿ" ಅಂತ ಕುಂತ್ರು. "ನೋಡ್ರಿ, ಬಿದ್ದಗಿದ್ದೀರಿ" ಅಂದೆ. "ನಮ್ಮ ಮನಿ ಮಾಳಗಿ ನನಗ ಗೊತ್ತಿಲ್ಲೇನು? ನೀ ಡ್ಯೂಟಿಗೆ ಹೋಗು" ಅಂತ ಗದರಿಸಿದ್ರು. ಗದರಿಸೂ ಶಕ್ತಿ ಬಂತಲ್ಲ ಅಂತ ನನಗೂ ಛಲೋ ಅನಿಸಿತು, ಹೋದೆ.

ಸಂಜಿಗೆ ಬಸ್ಸಿಳದು ಓಣಿಗೆ ಬಂದ್ರ ಓಣಿ ಮಂದಿ ಎಲ್ಲಾ ತಲಿ ಎತ್ತಿ ಗಪ್ಪ ನಿಂತಾರ. ಓಡಿ ಬಂದು ನೋಡಿದೆ. ನಮ್ಮವ್ರು ಮ್ಯಾಲ ನೆಟ್ಟಗ ನಿಂತಿದ್ರು. ಏನೂ ಆಗಿರಲಿಲ್ಲ. ಆದ್ರ ನಿಂತಿದ್ದು ಬಾಜೂ ಮನಿ ಮಾಳಗಿ ಮ್ಯಾಲ.

ನಮ್ಮ ಓಣ್ಯಾಗ ಮಾಳಗಿ ಒಂದಕ್ಕೊಂದು ಹತ್ತಿಕೊಂಡು ಅದಾವ, ನಡುವ ಅಡ್ಡಗ್ವಾಡಿ ಇಲ್ಲ. ಉಳ್ಳಾಗಡ್ಡಿ ಒಣಗಿಸೂದು, ಹಪ್ಪಳ ಹಾಕೂದು, ಎಲ್ಲಾ ಆಕಡೆ ಈಕಡೆ ನಡೀತಿರತೈತಿ. ನಮ್ಮವ್ರು ಅಳತಿ ತಪ್ಪಿ ನಮ್ಮ ಮನಿ ದಾಟಿ ಹೋಗಿ, ನಕ್ಷತ್ರ, ಸರಾ, ಕಮಾನು, ಎಲ್ಲಾ ಬಾಜೂದವರ ಮನಿಗೆ ಕಟ್ಟಿದ್ರು. ಖರೆ ಹೇಳಬೇಕಂದ್ರ ಭಾಳ ಛಂದ ಕಟ್ಟಿದ್ರು. ನಮ್ಮ ಮನಿ ಮ್ಯಾಲ ಒಂದು ತಂತೀನೂ ಇರಲಿಲ್ಲ.

ಬಾಜೂ ಮನಿಯವ್ರು ಪಾವರಲೂಮಿನವ್ರು, ವಿಭೂತಿ ಹಚ್ಚಿಕೊಳ್ಳೂ ಮಂದಿ. ಗಂಡ ನನ್ನ ಹತ್ತರ ಬಂದು ಮೆಲ್ಲಕ, "ಅಕ್ಕಾರ, ಹೇಳಬ್ಯಾಡ್ರಿ. ಇರಲಿ ಬಿಡ್ರಿ ಹಂಗ. ನಮ್ಮ ಮೀಟರಿನಿಂದ ವೈರು ಕೊಡ್ತೇನಿ" ಅಂದ. ಅವನ ಹೆಂಡ್ತಿಗೆ ಬ್ಯಾರೆ ಚಿಂತಿ ಹತ್ತಿತ್ತು. "ಅಕ್ಕಾರ, ಯೇಸಪ್ಪ ನಮ್ಮ ಮನಿಗೇ ಬಂದಂಗ ಆತು. ನೈವೇದ್ಯಕ್ಕ ಏನ್ ಮಾಡ್ಲಿ? ನಾವು ಮಾಂಸದಡಗಿ ಮಾಡೂದಿಲ್ಲಲ್ರಿ ನಿಮ್ಮಂಗ."

"ರೊಟ್ಟಿ, ಎಣ್ಣಿಗಾಯಿ ಮಾಡವಾ" ಅಂದೆ. "ದನದ ಕೊಟ್ಟಿಗ್ಯಾಗ ಹುಟ್ಟಿದಾಂವ, ಏನ್ ಕೊಟ್ರೂ ಉಣ್ತಾನ." ಅಂದೆ ಖರೆ, ಹೊಳ್ಳಿ ಮಾಳಗಿ ಮ್ಯಾಲಿದ್ದ ನಮ್ಮವರನ್ನ ನೋಡಿದೆ. ಮನಿ ಯಾವದು ಅನ್ನೂದು ತಿಳಿಯೂದಿಲ್ಲಂದ್ರ ಇನ್ನ ಏನ ಉಳದಿತ್ತು? ನರ್ಸಿಗೆ ಅದು ಅವತ್ತ ತಿಳೀಬೇಕಿತ್ತು. ತಿಳಕೊಳ್ಳಾಕ ನಾ ತಯಾರಿರಲಿಲ್ಲ.

ಅಷ್ಟರಾಗ ಮ್ಯಾಲಿಂದ ನಮ್ಮವ್ರು ಒದರಿದ್ರು, "ಯಾರದೀರಿ ಕೆಳಗ? ಹೆಂಗ ಕಾಣಸ್ತೈತ್ರಿ ನಮ್ಮ ಮನಿ?"

ಬಾಜೂದಾಂವ ತನ್ನ ಮನಿ ಕಡೆ ತಲಿ ಎತ್ತಿ ನೋಡಿ ಅಂದ, "ಅಣ್ಣಾರ, ನಿಮ್ಮ ಮನಿ ಇಷ್ಟು ಛಂದ ನಾ ಎಂದೂ ನೋಡಿಲ್ರಿ."

ಸ್ವಿಚ್ಚು

ಹಬ್ಬದ ಹಿಂದಿನ ದಿನ ಸಂಜಿಗೆ ಎಲ್ಲಾರೂ ಬಂದ್ರು. ಪಾಸ್ಟರ್ ಬಂದ್ರು, ಗಟಾರದ ಮ್ಯಾಲ ಹಲಗಿ ಹಾಕಿಸಿದ್ದೆ. ಚಿಮ್ಮಡದ ಅಜ್ಜ ಬಂದ, ಭಂಡಾರದ ಚೀಲ ಮೊದಲ ಇಸಗೊಂಡು ಇಟ್ಟೆ. ಬಾಜೂದವ್ರು ಅಂತೂ ಮನಿ ಮುಂದ ನೀರು ಹೊಡದು ರಂಗೋಲಿ ಹಾಕಿದ್ರು. ಓಣಿ ಮಂದಿಗೆಲ್ಲಾ ನಾ ಹೇಳಿಟ್ಟಿದ್ದೆ, ಲೈಟು ಯಾರ ಮನಿ ಮ್ಯಾಲ ಅದಾವ ಅಂತ ಯಾರೂ ಬಾಯಿ ಬಿಡಬಾರದು.

ನಮ್ಮವರಿಗೆ ಹೊಸ ಅಂಗಿ ತೊಡಿಸಿ ನಡುವ ಖುರ್ಚಿ ಹಾಕಿ ಕುಂದರಿಸಿದ್ವಿ. ಕೈಯಾಗ ಸ್ವಿಚ್ ಬೋರ್ಡು ಕೊಟ್ವಿ. ನಾ ಅವರ ಹಿಂದ ನಿಂತಿದ್ದೆ. ಈ ವರ್ಷ ಕಾಣಸ್ತೈತೋ ಇಲ್ಲೋ ಅನ್ನೂದೊಂದ ನನ್ನ ತಲ್ಯಾಗ. ಇದೊಂದ ವರ್ಷ ಕಾಣಲಿ ಅಂತ ದೇವರಿಗೆ ಬೇಡಿಕೊಂಡೆ. ಪೂರಾ ಬ್ಯಾಡ, ಒಂದೀಟು ಕೆಂಪು, ಒಂದೀಟು ಹಸರು ಕಂಡ್ರ ಸಾಕು.

ಹಾಡು ಚಾಲೂ ಆದವು. ನಮ್ಮವು ಕ್ಯಾರಲ್ ಅಂದ್ರ ಭಜನಿನ. ಢೋಲಕಿ, ತಾಳ, ದಮಡಿ, ಕಿವಿ ಹರಿಯೂವಂಗ. ಕಡೀ ಹಾಡು ಜೋರಿನ್ಯಾಗ ಇದ್ದಾಗ ಕರೆಂಟ್ ಹೋತು. ಬೀದಿದೀಪ ಆರಿದವು, ಮನಿಯೊಳಗಿನವು ಆರಿದವು, ಓಣಿ ತುಂಬ ಕತ್ತಲ. ಹಾಡೂ ಮಂದಿ ಒಂದೀಟು ತಡವರಿಸಿದ್ರೂ ಹಾಡು ನಿಲ್ಲಿಸಲಿಲ್ಲ. ಮುಗಿಯೂದರಾಗ ಬರತೈತಿ ಅಂದಕೊಂಡ್ವಿ. ಬರಲಿಲ್ಲ. ಹಾಡು ಮುಗೀತು.

ನಮ್ಮವ್ರು ಸ್ವಿಚ್ ಒತ್ತಿದ್ರು.

ತಲಿ ಎತ್ತಿದ್ರು. ಕತ್ತಲದಾಗ ಅವರ ಮೋತಿ ನನಗ ಸರಿ ಕಾಣಲಿಲ್ಲ, ಧ್ವನಿ ಕೇಳಿಸಿತು. "ಆಹಾ" ಅಂದ್ರು. "ಏನ್ ಛಂದ ಕಾಣಸ್ತಾವಲೇ. ನಡುವ ಕೆಂಪು ನಕ್ಷತ್ರ ನೋಡು, ಹೆಂಗ ಹೊಳ್ಯಾಕತ್ತೈತಿ. ಸುತ್ತ ಸರಾ ಓಡಾಕತ್ತಾವ. ನಾ ಹೇಳಿದ್ನಿಲ್ಲ, ಈ ವರ್ಷ ಕಣ್ಣು ಛಲೋ ಆಗ್ಯಾವ ಅಂತ?"

ನನ್ನ ಬಾಜೂಕ ನಿಂತಾಂವ ಮೊಬೈಲಿನ ಬ್ಯಾಟರಿ ಹಚ್ಚಾಕ ಹೋದ, ಅವನ ಕೈ ಗಟ್ಟಿ ಹಿಡದೆ. ಇಷ್ಟು ದಿನ ನನಗ ಸಮಾಧಾನ ಆಗಲಿ ಅಂತ ಈ ಮನಷ್ಯಾ ಕಾಣಸ್ತೈತಿ, ಕಾಣಸ್ತೈತಿ ಅನಕೋತ ಬಂದಾನ. ಯಾವಾಗಿನಿಂದ, ದೇವರಿಗೇ ಗೊತ್ತು.

ಬಾಜೂ ಮನಿ ಹೆಣ್ಮಗಳು ಮೊದಲ ಬಾಯಿ ಬಿಟ್ಟಳು. "ಹೌದ್ರಿ ಅಣ್ಣಾರ, ಭಾಳ ಛಂದ ಆಗೈತಿ." ಅಷ್ಟ ಸಾಕಿತ್ತು, ಕತ್ತಲದಾಗ ಒಬ್ಬರಾದ ಮ್ಯಾಲ ಒಬ್ಬರು ಶುರು ಮಾಡಿದ್ರು. "ಕಣ್ಣು ಕುಕ್ಕತಾವ್ರಿ" ಅಂದ ಒಬ್ಬಾಂವ. "ಜಮಖಂಡಿಯಾಗೂ ಇಂಥಾದ್ದಿಲ್ಲ" ಅಂದ ಇನ್ನೊಬ್ಬ. ಚಿಮ್ಮಡದ ಅಜ್ಜ, "ಬೆಳಕಿಗೆ ನನ್ನ ಕಂಬಳಿ ಎಳಿ ಎಳಿ ಕಾಣಾಕತ್ತೈತಿ ನೋಡ್ರಿ" ಅಂದ. ಪಾಸ್ಟರ್ ಒಬ್ರ ಉಳದಿದ್ರು. ಕೆಮ್ಮಿದ್ರು, ಒಂದೀಟು ತಡದು, "ಬಹಳ ಪ್ರಕಾಶಮಾನವಾಗಿದೆ" ಅಂದ್ರು. ಸುಳ್ಳು ಹೇಳೂ ಮುಂದ ಅವರ ಕನ್ನಡ ಪುಸ್ತಕದ್ದು ಆಗತೈತಿ.

ಆಮ್ಯಾಲ ಸಪ್ಪಗಾತು ಓಣಿ. ನಮ್ಮವ್ರು ತಲಿ ವಾರಿ ಮಾಡಿ ಏನೋ ಕೇಳಿಸಿಕೊಂಡ್ರು.

"ಮಗ್ಗ ಯಾಕ ನಿಂತಾವ?"

ನಮ್ಮ ಓಣ್ಯಾಗ ಮನಿಗೊಂದು ಪಾವರಲೂಮ್ ಶೆಡ್ಡು. ಮುಂಜಾನಿಂದ ಸಂಜಿ ತನಕ, ಸಂಜಿಯಿಂದ ಮುಂಜಾನಿ ತನಕ ಖಟಪಟ ಖಟಪಟ. ಹುಟ್ಟಿದಾಗಿನಿಂದ ಕೇಳಿ ಕೇಳಿ ನಮಗ್ಯಾರಿಗೂ ಅದು ಕೇಳಿಸೂದ ಇಲ್ಲ. ಹಂಗಾಗಿ ನಿಂತದ್ದೂ ಕೇಳಿಸಿರಲಿಲ್ಲ. ಅವರೊಬ್ಬರಿಗೇ ಕೇಳಿಸಿತು.

ಬಾಜೂದಾಂವ ಅವಸರ ಮಾಡಿ, "ಹಬ್ಬಂತ ಸೂಟಿ ಕೊಟ್ಟೇನ್ರಿ ಅಣ್ಣಾರ" ಅಂದ.

"ನಿಮ್ಮಪ್ಪ ಸತ್ತ ದಿನ ನಿನ್ನ ಮಗ್ಗ ನಿಂತಿರಲಿಲ್ಲೋ" ಅಂದ್ರು ನಮ್ಮವ್ರು. "ಯೇಸಪ್ಪ ಹುಟ್ಟಿದ್ದಕ್ಕ ನಿಲ್ಲಿಸಿದಿಯೇನು?"

ನಮ್ಮವ್ರು ಸ್ವಿಚ್ ಬೋರ್ಡು ಸವಕಾಶ ತೊಡಿ ಮ್ಯಾಲ ಇಟ್ರು. "ಕರೆಂಟ್ ಯಾವಾಗ ಹೋತು?" ಅಂತ ಕೇಳಿದ್ರು. ನನ್ನ ಕೇಳಿದ್ದು ಅದು.

"ನೀವು ಒತ್ತೂಕಿಂತ ಮೊದಲ" ಅಂದೆ.

ಹೂಂ ಅಂದ್ರು. ನಾ ಸೆರಗು ಬಾಯಾಗ ಹಿಡದು ಅಳಾಕತ್ತೆ. ಕತ್ತಲದಾಗ ಯಾರಿಗೆ ಕಾಣತೈತಿ ಅಂತ ಧೈರ್ಯ. "ಅಳಬ್ಯಾಡ, ಮೂಗಿನ ಸಪ್ಪಳ ಕೇಳಸ್ತೈತಿ" ಅಂದ್ರು. ಆಮ್ಯಾಲ ಕೇಳಿದ್ರು, "ನಕ್ಷತ್ರದ ಬಣ್ಣ ಖರೇನ ಯಾವದು?"

"ಹಸರು" ಅಂದೆ. ಇಷ್ಟು ಆದಮ್ಯಾಲ ಇನ್ನ ಮುಚ್ಚಿ ಇಡೂದೇನು ಅಂತ, "ಅದೂ ನಮ್ಮ ಮನಿ ಮ್ಯಾಲ ಇಲ್ಲ, ಬಾಜೂದವರ ಮನಿ ಮ್ಯಾಲ ಐತಿ. ಎಲ್ಲಾ ಅಲ್ಲೇ ಕಟ್ಟೀರಿ" ಅಂದೆ.

ಮೊದಲ ಅವರ ಹೊಟ್ಟಿ ಅಳ್ಳಾಡಿತು. ಆಮ್ಯಾಲ ಖುರ್ಚಿ ಅಳ್ಳಾಡಿತು. ನಕ್ಕೋತ ನಕ್ಕೋತ ಕೆಮ್ಮು ಬಂತು ಅವರಿಗೆ. "ಪಾಸ್ಟರ್ ಸಾಹೇಬ್ರ, ನಿಮಗ ಪ್ರಕಾಶಮಾನ ಕಂಡಿದ್ದು ಏನು?" ಅಂದ್ರು. ಪಾಸ್ಟರ್, "ಕ್ಷಮಾ ಮಾಡಪಾ" ಅಂದ್ರು. ಓಣಿ ತುಂಬ ಮಂದಿ ನಗಾಕತ್ತಿತು, ಮೂಗು ಒರಿಸಾಕತ್ತಿತು, ಯಾವದು ಎಲ್ಲಿಂದ ಬರಾಕತ್ತೈತಿ ಅಂತ ತಿಳಿಯಲಿಲ್ಲ. ನಾ ಒಳಗ ಹೋಗಿ ಮೇಣಬತ್ತಿ ತರ್ತೇನಿ ಅಂತ ಹೊಳ್ಳಿದಾಕಿ ಗೋದಲಿಗೆ ಎಡವಿದೆ. ನನ್ನ ಹಿಡಿಯಾಕ ಬಂದ ಬಾಜೂದಾಂವ ಅಜ್ಜನ ಮ್ಯಾಲ ಬಿದ್ದ. ಅಜ್ಜ ಪಾಸ್ಟರನ್ನ ಹಿಡಕೊಂಡ. ಗಟಾರದ ಕಡಿಂದ ಹಲಗಿ ಸರದ ಸಪ್ಪಳ ಬಂತು.

ನಮ್ಮವ್ರು ಖುರ್ಚಿಯಿಂದ ಎದ್ರು. ಗ್ವಾಡಿ ಮುಟ್ಟಲಿಲ್ಲ, ಕೈ ಮುಂದ ಮಾಡಲಿಲ್ಲ, ನೆಟ್ಟಗ ಒಳಗ ಹೋಗಿ ಕೇಕಿನ ತಾಟು ಹಿಡಕೊಂಡು ನೆಟ್ಟಗ ಹೊರಗ ಬಂದ್ರು.

"ಯಾರೂ ಜಾಗಾ ಬಿಟ್ಟು ಅಳ್ಳಾಡಬ್ಯಾಡ್ರಿ, ಬೀಳ್ತೀರಿ" ಅಂದ್ರು. "ಇದ್ದಲ್ಲೇ ಕೈ ಚಾಚ್ರಿ, ನಾ ಬಂದು ಕೊಡ್ತೇನಿ. ಈ ರೂಟಿನ್ಯಾಗ ನಾ ಸೀನಿಯರ್ ಅದೇನಿ."